ನಾದಿನಿಗೆ ಕೊಡಿಸಿದ ಮೇಜು

ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಮೇಜು ಕುರ್ಚಿಗಳ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಸಾಗರದ ಕಡೆಯ ಹಳ್ಳಿಮನೆಯಲ್ಲಿ, ಬೀಟೆಯ ಮಂಚ, ಹಲಸಿನ ಬಾಗಿಲು, ಹೊನ್ನೆಯ ಪೆಟ್ಟಿಗೆಗಳ ನಡುವೆ ಬೆಳೆದವಳೆಂಬ ಜಂಬ ಅದಕ್ಕೆ ಕಾರಣ. ಬೆಳೆದದ್ದು ನಿಜ. ಮರದ ವಿಷಯ ಗೊತ್ತಿತ್ತು ಅಂದುಕೊಂಡದ್ದು ಮಾತ್ರ ಸುಳ್ಳು. ಆ ಸುಳ್ಳಿಗೆ ನಾನೊಬ್ಬಳೇ ದುಡ್ಡು ತೆತ್ತಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ನಾದಿನಿಯೂ ತೆತ್ತಳು, ನನ್ನ ಮಾತು ನಂಬಿ.

2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯ ಪೀಠೋಪಕರಣ ಮಳಿಗೆ ತೆರೆದಾಗ ಮೊದಲ ವಾರಾಂತ್ಯ ಒಳಗೆ ಹೋಗಲು ಜನ ಗಂಟೆಗಟ್ಟಲೆ ಸಾಲು ನಿಂತಿದ್ದರು. ಆ ದಿನಗಳಲ್ಲೇ ನಾದಿನಿ ಹೊಸ ಬಾಡಿಗೆ ಮನೆಗೆ ಬಂದಿದ್ದಳು. ಪೆಟ್ಟಿಗೆಯಲ್ಲಿ ಬಂದು ಮನೆಯಲ್ಲಿ ಜೋಡಿಸಿಕೊಳ್ಳುವಂಥ ನಾಲ್ಕು ಜನರ ಊಟದ ಮೇಜೊಂದನ್ನು ಆನ್‌ಲೈನಿನಲ್ಲಿ ನೋಡಿಟ್ಟಿದ್ದಳು. ಕುರ್ಚಿ ಸಮೇತ ಹದಿನಾರು ಸಾವಿರ. "ಹೊಟ್ಟು ಅಂಟಿಸಿ ಮಾಡಿದ್ದಕ್ಕೆ ಅಷ್ಟು ದುಡ್ಡು ಕೊಡ್ತೀಯಾ? ಊರಲ್ಲಿ ಎಲ್ಲರ ಮನೇಲೂ ಅದೇ ಮೇಜು ಇರತ್ತೆ" ಅಂದೆ. ಅವಳು ನೋಡಿಟ್ಟಿದ್ದು ಹೊಟ್ಟಿನದೂ ಅಲ್ಲ, ರಬ್ಬರ್ ಮರದ್ದು. ಆ ವಿವರ ಓದುವ ತಾಳ್ಮೆ ನನಗಿರಲಿಲ್ಲ. ಎಲ್ಲರ ಮನೆಯಲ್ಲೂ ಒಂದೇ ಮೇಜಿದ್ದರೆ ನಷ್ಟವೇನು ಎಂದು ಅವಳೂ ಕೇಳಲಿಲ್ಲ. ಅತ್ತಿಗೆ ಮಲೆನಾಡಿನವಳು, ತಿಳಿದೇ ಹೇಳುತ್ತಾಳೆ ಅಂದುಕೊಂಡಳು.

ಊರಾಚೆ ಒಂದು ಅಂಗಡಿ. ಅಲ್ಲಿ ಇಡೀ ಮರದ ಬೊಡ್ಡೆಯನ್ನು ಉದ್ದಕ್ಕೆ ಸೀಳಿ, ಅಂಚಿನ ಅಂಕುಡೊಂಕನ್ನು ಹಾಗೇ ಉಳಿಸಿ, ಬಿರುಕುಗಳಿಗೆ ನೀಲಿ ರಾಳ ತುಂಬಿ ಮೇಜು ಮಾಡುತ್ತಿದ್ದರು. ಗಾಳಿಮಳೆಗೆ ಉರುಳಿದ ಹಳೇ ಮಾವಿನ ಮರವಂತೆ, ಕಡಿದದ್ದಲ್ಲವಂತೆ, ಇಂಥ ಹಲಗೆ ಭೂಮಿ ಮೇಲೆ ಇನ್ನೊಂದಿಲ್ಲವಂತೆ. ಕತೆ ಕೇಳಿಯೇ ಅರ್ಧ ಸೋತಿದ್ದೆ, ಹಲಗೆಯ ಮೇಲೆ ಕೈಯಾಡಿಸಿದಾಗ ಪೂರ್ತಿ ಸೋತೆ. ಅರವತ್ತೆಂಟು ಸಾವಿರ. ಅದೇ ಬೊಡ್ಡೆಯ ಮತ್ತೊಂದು ಹಲಗೆಯನ್ನು ನಾದಿನಿಗೂ ಕೊಡಿಸಿದೆ. ಮರ ಉರುಳಿ ಎಷ್ಟು ಕಾಲವಾಗಿತ್ತು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಮಳೆಗಾಲದಲ್ಲಿ ಮೇಜು ಚೆನ್ನಾಗಿಯೇ ಇತ್ತು. ಬಂದವರೆಲ್ಲ ಮುಟ್ಟಿ ನೋಡುತ್ತಿದ್ದರು, ನಾನು ಕತೆ ಹೇಳುತ್ತಿದ್ದೆ. ಚಳಿಗಾಲ ಕಳೆದು ಶಿವರಾತ್ರಿಯ ಒಣಗಾಳಿ ಶುರುವಾದಾಗ ಒಂದು ರಾತ್ರಿ ಟಪ್ ಎಂದು ಸದ್ದಾಯಿತು. ಬೆಳಿಗ್ಗೆ ನೋಡಿದರೆ ಹಲಗೆ ನಡುವೆ ಸೀಳಿತ್ತು, ಕಿರುಬೆರಳು ತೂರುವಷ್ಟು. ಅತ್ತ ನಾದಿನಿಯ ಮೇಜು ಸೀಳಿರಲಿಲ್ಲ, ಆದರೆ ಅದರಡಿ ದಿನಾ ಬೆಳಿಗ್ಗೆ ಗುಡಿಸಿದರೂ ಮರುದಿನ ಹಿಟ್ಟಿನಂಥ ಹಳದಿ ಪುಡಿ ಬೀಳುತ್ತಿತ್ತು.

ಊರಿನ ಆಚಾರ್ರು ಯಾವುದೋ ಮದುವೆಗೆ ಬೆಂಗಳೂರಿಗೆ ಬಂದವರು ನಮ್ಮಲ್ಲಿ ಉಳಿದಿದ್ದರು. ಮೇಜಿನ ಮೇಲ್ಭಾಗ ನೋಡದೆ ನೆಲದ ಮೇಲೆ ಮಲಗಿ, ಟಾರ್ಚ್ ಬಿಟ್ಟು ತಳ ನೋಡಿದರು.

"ಎಷ್ಟು ವರ್ಷ ಒಣಗಿಸಿದ್ರಂತೆ, ಕೇಳಿದ್ರಾ ತಂಗಿ?"

"ಇಲ್ಲ."

"ಮತ್ತೆ ಏನು ಕೇಳಿದ್ರಿ?"

ಉತ್ತರವಿರಲಿಲ್ಲ. ಅವರು ಹೇಳಿದ್ದನ್ನು ಆಮೇಲೆ ಓದಿಯೂ ಖಾತ್ರಿ ಮಾಡಿಕೊಂಡೆ. ಹಸಿ ಮರ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರಗಳ ಜಾಡಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಮೂರಡಿ ಅಗಲದ ಹಲಗೆ ಬರೀ ಹವಾಮಾನದ ಏರಿಳಿತಕ್ಕೇ ಒಂದು ಸೆಂಟಿಮೀಟರಿನಷ್ಟು ಆಚೀಚೆ ಆಗಬಲ್ಲದು. ಗಾಳಿಯಲ್ಲಿ ಒಣಗಿಸುವುದಾದರೆ ಒಂದಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಬಡಗಿಗಳ ಅಂದಾಜು. ನಮ್ಮದು ಎರಡಂಗುಲಕ್ಕೂ ಮಿಗಿಲು. ಒಳಗೆ ನೀರಿದ್ದ ಹಲಗೆಯನ್ನು ಕಬ್ಬಿಣದ ಚೌಕಟ್ಟಿಗೆ ಎರಡೂ ಬದಿ ಸ್ಕ್ರೂ ಬಿಗಿದು ಕೂರಿಸಿದ್ದರು. ಮರ ಕುಗ್ಗಲು ನೋಡಿತು, ಕಬ್ಬಿಣ ಬಿಡಲಿಲ್ಲ, ನಡುವೆ ಹರಿಯಿತು. ಸ್ಕ್ರೂ ತೂತುಗಳನ್ನು ದುಂಡಗೆ ಕೊರೆಯುವ ಬದಲು ಉದ್ದುದ್ದ ಕೊರೆದಿದ್ದರೆ ಹಲಗೆ ಜರುಗಲು ಜಾಗ ಸಿಗುತ್ತಿತ್ತು. ಅದೊಂದು ಕಾಲು ಗಂಟೆಯ ಕೆಲಸ.

ನಾಚಿಕೆಯಾದದ್ದು ಇನ್ನೊಂದಕ್ಕೆ. ತವರಿನ ಅಟ್ಟದಲ್ಲಿ, ಅಡುಗೆ ಒಲೆಯ ಹೊಗೆ ತಾಗುವ ಕಡೆ, ಹಲಸಿನ ಹಲಗೆಗಳನ್ನು ವರ್ಷಾನುಗಟ್ಟಲೆ ಇಟ್ಟಿರುತ್ತಿದ್ದರು. ನಾನು ಅವುಗಳ ಮೇಲೆ ಕೂತು ಆಡಿದವಳು. ಯಾಕೆ ಇಟ್ಟಿದ್ದಾರೆ ಎಂದು ಕೇಳಿರಲಿಲ್ಲ.

ನಾದಿನಿಯ ಮೇಜಿನ ಪುಡಿ ಕುಟ್ಟೆ ಹುಳದ್ದು. ಮಾವಿನ ಮರದಲ್ಲಿ ಪಿಷ್ಟ ಹೆಚ್ಚು, ಹುಳಕ್ಕೆ ಅದು ಊಟ. ತೇಗ, ಬೀಟೆಗಳ ಕೆಚ್ಚಿಗೆ ಈ ಹುಳ ಹತ್ತುವುದಿಲ್ಲ, ಮಾವು, ರಬ್ಬರ್ ಮರಗಳಿಗೆ ಹತ್ತುತ್ತದೆ. ರಬ್ಬರ್ ಮರ ಹಾಲು ಬತ್ತಿದ ಮೇಲೆ ಒಂದು ಕಾಲಕ್ಕೆ ಸೌದೆಯಷ್ಟೇ. ಈಗ ಕಾರ್ಖಾನೆಗಳಲ್ಲಿ ಅದನ್ನು ಕೊಯ್ದ ಕೂಡಲೇ ಬೋರಾನ್ ಲವಣ ಕುಡಿಸಿ, ಬಿಸಿಗೂಡಿನಲ್ಲಿ ಹದವಾಗಿ ಒಣಗಿಸಿ, ತುಂಡು ತುಂಡು ಜೋಡಿಸಿ ಮೇಜು ಮಾಡುತ್ತಾರೆ. ನಾನು ಬೇಡವೆಂದ ಮೇಜು ಆ ಜಾತಿಯದು. ಕೈಕೆಲಸದ ಹೆಸರಿನಲ್ಲಿ ನಾವು ಕೊಂಡ ಹಲಗೆಗಳು ಇದ್ಯಾವುದನ್ನೂ ಕಂಡಿರಲಿಲ್ಲ.

ಸಾಮೂಹಿಕ ತಯಾರಿಕೆಯೆಂದರೆ ಅಗ್ಗದ, ಆತ್ಮವಿಲ್ಲದ ವಸ್ತು ಎಂದು ಭಾಷಣ ಬಿಗಿಯುತ್ತಿದ್ದವಳು ಥೋನೆಟ್ ಕುರ್ಚಿಯ ಚರಿತ್ರೆ ಓದಿ ಇನ್ನಷ್ಟು ಮೆತ್ತಗಾದೆ. ಹಳೆಯ ಕ್ಲಬ್ಬು, ಹೋಟೆಲುಗಳಲ್ಲಿ ಕಾಣುವ, ಕೋಲನ್ನು ಬಿಲ್ಲಿನಂತೆ ಬಾಗಿಸಿದ ಬೆನ್ನಿನ, ಬೆತ್ತದ ಆಸನದ ಕುರ್ಚಿಯ ಮೂಲ ಅದು. ಮೈಕೆಲ್ ಥೋನೆಟ್ ಮೊದಮೊದಲು ತೆಳು ಪದರಗಳನ್ನು ಅಂಟಿಸಿ ಬಾಗಿಸುತ್ತಿದ್ದ. ಹಡಗೇರಿ ತೇವದ ಸೀಮೆಗಳಿಗೆ ಹೋದಾಗ ಅಂಟು ಬಿಟ್ಟುಕೊಂಡಿತು. ಅದಕ್ಕೇ ಅಂಟು ಬಿಟ್ಟು, ಇಡೀ ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆದುಮಾಡಿ ಬಾಗಿಸಿ, ಸ್ಕ್ರೂ ಹಾಕಿ ಜೋಡಿಸುವ ದಾರಿ ಹಿಡಿದ. 1859ರ 14ನೇ ನಂಬರಿನ ಕುರ್ಚಿಯಲ್ಲಿ ಮರದ ತುಂಡುಗಳು ಆರೇ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. 1930ರ ಹೊತ್ತಿಗೆ ಸುಮಾರು ಐದು ಕೋಟಿ ಮಾರಾಟವಾಗಿದ್ದವು. ಹವೆ ಮರಕ್ಕೂ ಅಂಟಿಗೂ ಏನು ಮಾಡುತ್ತದೆಂದು ಆತ ಏಟು ತಿಂದೇ ಕಲಿತಿದ್ದ. ನನ್ನ 'ಅನನ್ಯ' ಮೇಜು ಮಾಡಿದವರು ಕಲಿತಿರಲಿಲ್ಲ.

ಹಾಗೆಂದು ಈಗ ಹೊಟ್ಟಿನ ಹಲಗೆಯ ವಕೀಲಿಕೆಗೆ ಇಳಿದಿಲ್ಲ. ಮರದ ಚಕ್ಕೆಗೆ ರಾಳ ಬೆರೆಸಿ ಬಿಸಿಯಲ್ಲಿ ಒತ್ತಿದ ಆ ಹಲಗೆಗೆ ಎಳೆಯೇ ಇಲ್ಲ, ಹಾಗಾಗಿ ಒಣಹವೆಗೆ ಸೀಳುವ ಪ್ರಶ್ನೆಯಿಲ್ಲ. ನೀರು ಮಾತ್ರ ಅದಕ್ಕೆ ಮೃತ್ಯು. ನಮ್ಮೆಜಮಾನರು ಮದುವೆಗೆ ಮುಂಚೆ ತಂದ ಪುಸ್ತಕದ ಕಪಾಟು ಅಂಥದ್ದೇ. ಅದನ್ನು ಹೊರಹಾಕಿಸಲು ನಾನು ಮಾಡಿದ ಪ್ರಯತ್ನಗಳು ಮನೆಯಲ್ಲಿ ಈಗಲೂ ನಗೆಯ ವಸ್ತು. ನೆಲ ಒರೆಸುವ ನೀರು ತಾಗಿ ಒಂದು ಮೂಲೆ ಉಬ್ಬಿದೆ, ನಡುವಿನ ತಟ್ಟುಗಳು ನಿಘಂಟುಗಳ ಭಾರಕ್ಕೆ ಬಾಗಿವೆ (ತಿರುವಿಹಾಕಿದರೆ ಇನ್ನಷ್ಟು ವರ್ಷ ಬರುತ್ತದಂತೆ). ಆದರೆ ಒಮ್ಮೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಕಚ್ಚಿ ಹಿಡಿಯುವುದಿಲ್ಲ. ವರ್ಷವರ್ಷ ಮನೆ ಬದಲಿಸುವವರಿಗೆ ಇದು ಸಣ್ಣ ಮಾತಲ್ಲ. ಗೋಡೆಗೊರಗಿ ನಿಂತಲ್ಲೇ ನಿಲ್ಲುವ ಕಪಾಟಿಗೆ ಅದು ಸಾಕು, ದಿನಾ ಎಳೆದಾಡುವ ಮಂಚಕ್ಕೆ ಸಾಲದು.

ಆಚಾರ್ರು ನನ್ನ ಮೇಜಿನ ಸ್ಕ್ರೂಗಳನ್ನು ಬಿಚ್ಚಿಸಿ ಹಾಗೇ ಬಿಡಿಸಿದರು. ಎರಡು ಬೇಸಗೆ ಕಳೆಯಲಿ, ಕುಗ್ಗುವಷ್ಟು ಕುಗ್ಗಲಿ, ಆಮೇಲೆ ಸೀಳು ಮುಚ್ಚೋಣ ಅಂದರು. ನಾದಿನಿಯದಕ್ಕೆ ಆ ಭಾಗ್ಯವೂ ಇರಲಿಲ್ಲ. ಹುಳ ಮನೆ ಮಾಲೀಕರ ಬಾಗಿಲ ಚೌಕಟ್ಟಿಗೆ ಹತ್ತೀತೆಂದು ಹೆದರಿದ್ದಳು, ಮನೆ ಬದಲಿಸುವಾಗ ಹಲಗೆ ಲಿಫ್ಟಿನೊಳಗೆ ಹೋಗಲೂ ಇಲ್ಲ. ಹೊತ್ತು ಇಳಿಸಿದವರ ಕೂಲಿಯೂ ಸಿಗದ ಬೆಲೆಗೆ ಮಾರಿದಳು. ಅರ್ಧ ನಷ್ಟ ನಾನು ಕೊಡುತ್ತೇನೆಂದೆ. "ಬಿಡಿ ಅತ್ತಿಗೆ" ಅಂದಳು. ಆ 'ಬಿಡಿ'ಯಲ್ಲಿ ದೊಡ್ಡತನ ಎಷ್ಟು, ಸಿಟ್ಟು ಎಷ್ಟು ಎಂದು ಅಳೆಯಲು ಹೋಗಲಿಲ್ಲ.

ಮೊನ್ನೆ ಮಂಚ ನೋಡಲು ಹೋದವಳು ಅಂಗಡಿಯಿಂದಲೇ ಫೋಟೊ ಕಳಿಸಿದಳು. ಪೂರಾ ಮಂಚದ್ದಲ್ಲ, ತಳದ ಪಟ್ಟಿ, ಕೊಂಡಿ, ಸ್ಕ್ರೂಗಳದ್ದು. ಪಟ್ಟಿ ರಬ್ಬರ್ ಮರದ್ದು, ಅಡಿಯ ಡ್ರಾಯರ್ ಮಾತ್ರ ಹೊಟ್ಟಿನ ಹಲಗೆಯದು, ಬಾಲ್ಕನಿ ಬಾಗಿಲ ಹತ್ತಿರ ಇಡಬೇಡ, ಇರಚಲು ಹೊಡೆಯುತ್ತದೆ ಎಂದು ಬರೆಯತೊಡಗಿದೆ. ಉದ್ದದ ಉತ್ತರ. ಮುಗಿಸುವಷ್ಟರಲ್ಲಿ ಅವಳು ಮುಂಗಡ ಕೊಟ್ಟಾಗಿತ್ತು.