ಚಳ್ಳಕೆರೆಯಿಂದ ಹರಿಗೋಲಿನ ತನಕ

ಚಳ್ಳಕೆರೆ ಸೀಮೆಯವರಿಗೆ ಎಣ್ಣೆಯ ಬೆಲೆ ಗೊತ್ತು, ನದಿಯ ಸುಖ ಗೊತ್ತಿಲ್ಲ ಅಂತ ಮಲೆನಾಡಿನ ನೆಂಟರು ಛೇಡಿಸುವುದುಂಟು. ಮಾತು ಪೂರಾ ಸುಳ್ಳಲ್ಲ. ವೇದಾವತಿ ನಮ್ಮ ತಾಲ್ಲೂಕಿನಲ್ಲೇ ಹಾದುಹೋದರೂ ಬಹಳ ವರ್ಷ ನಾವು ಕಂಡದ್ದು ಅದರ ಮರಳನ್ನೇ. ಮೇಲೆ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆಗ ನೀರು ನೋಡಲು ಜನ ಜಾತ್ರೆಗೆ ಹೋದ ಹಾಗೆ ಹೋದರು!

ಇಂಥ ಊರಿನ ಇಬ್ಬರು ಗೃಹಿಣಿಯರು ನೀರಿನ ಮೇಲೆ ತೇಲಬೇಕೆಂದು ಮೋಟಾರ್ ಸೈಕಲ್ ಹತ್ತಿದರೆ ಬೀದಿಯವರು ಸುಮ್ಮನಿರುತ್ತಾರೆಯೇ? "ಈ ವಯಸ್ಸಿನಲ್ಲಿ ಇದೆಲ್ಲಾ ಬೇಕಾ?" ಅಂದರು.

ಆಸೆ ನನ್ನ ಗೆಳತಿಯದು. ದಾಂಡೇಲಿ ಕಡೆ ಗಣೇಶಗುಡಿಯಲ್ಲಿ ಕಾಳಿ ನದಿಯ ಮೇಲೆ ರಬ್ಬರ್ ದೋಣಿಯಲ್ಲಿ ಕುಳಿತು ಕಲ್ಲುಬಂಡೆಗಳ ನಡುವೆ ಧುಮುಕುತ್ತಾ ಸಾಗುವ ರಾಫ್ಟಿಂಗ್ ಇದೆಯಲ್ಲ, ಅದಕ್ಕೆ ಕರೆದೊಯ್ಯುವೆನೆಂದು ಯಜಮಾನರು ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದರು. ಅಷ್ಟರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಅವರ ಹೀರೋ ಹೋಂಡಾ ಜಗುಲಿಯ ಪಕ್ಕ ಧೂಳು ತಿನ್ನುತ್ತಿತ್ತು. "ನಿಂತ ಗಾಡಿ ತುಕ್ಕು ಹಿಡಿಯುತ್ತೆ, ನೀನೇ ಕಲಿ" ಎಂದವರೂ ಅವರೇ. ಕುರ್ಚಿಯಲ್ಲಿ ಕುಳಿತೇ ಕ್ಲಚ್ಚು, ಗೇರು ಹೇಳಿಕೊಟ್ಟರು. ನಲವತ್ತಾರರಲ್ಲಿ ಇವಳು ಲೈಸೆನ್ಸ್ ತೆಗೆದಳು.

ದಾಂಡೇಲಿ ದೂರ. ಜೊತೆಗೆ ಅಲ್ಲಿನ ರಾಫ್ಟಿಂಗು ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ನೆಚ್ಚಿಕೊಂಡದ್ದು. ನಾದಿನಿ ಬಂದು ಮನೆ ನೋಡಿಕೊಳ್ಳಲು ಒಪ್ಪಿದ್ದು ಒಂದೇ ರಾತ್ರಿಗೆ. ಹಾಗಾಗಿ ಹಂಪಿಯ ಹರಿಗೋಲೇ ಸಾಕೆಂದು ನಿಶ್ಚಯಿಸಿದೆವು.

ನವೆಂಬರಿನ ಒಂದು ಬೆಳಿಗ್ಗೆ ಚೂಡಿದಾರ, ಹೆಲ್ಮೆಟ್ಟು ಧರಿಸಿ, ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಳ್ಳಾರಿ ರಸ್ತೆ ಹಿಡಿದೆವು. ತಳುಕು ದಾಟಿದ ಮೇಲೆ ಎರಡೂ ಕಡೆ ಶೇಂಗಾ ಹೊಲ, ಕುರಿಮಂದೆ, ಬೋಳುಗುಡ್ಡ. ಹಾನಗಲ್ಲಿನಲ್ಲಿ ಹೆದ್ದಾರಿ ಬಿಟ್ಟು ಮೊಳಕಾಲ್ಮೂರಿಗೆ ತಿರುಗಿದೆವು. ಸೀರೆಯ ಊರಿನ ಪಕ್ಕದಲ್ಲೇ ಹಾದು ಒಳಗೆ ಹೋಗದಿರಲು ನಮ್ಮಿಂದ ಆದೀತೇ?

ಕೊಳ್ಳುವ ಶಕ್ತಿ ಇರಲಿಲ್ಲ, ನೋಡಿದೆವು. ಮಗ್ಗದ ಮನೆಯೊಂದರಲ್ಲಿ ಗಂಡ ನೇಯುತ್ತಿದ್ದ. ಹೆಂಡತಿ ರಾಟೆಯ ಮುಂದೆ ಕುಳಿತು ರೇಷ್ಮೆ ಎಳೆಯನ್ನು ಕಂಡಿಕೆಗೆ ಸುತ್ತುತ್ತಿದ್ದಳು. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು, ಸರಿ. ಕಂಡಿಕೆ ಸುತ್ತಿದ ಕೈಯ ಹೆಸರು ಮಾತ್ರ ಯಾವ ಚೀಟಿಯಲ್ಲೂ ಇಲ್ಲ. ನಾವು ಎಲ್ಲಿಗೆ ಹೊರಟಿದ್ದೇವೆಂದು ತಿಳಿದು ಆಕೆ ಕಣ್ಣರಳಿಸಿ, "ಗಾಡಿ ಯಾರು ಹೊಡೀತಾರೆ? ಅಕ್ಕನೋರಾ?" ಅಂದಳು. ಗೆಳತಿಯ ಮುಖ ನೋಡಬೇಕಿತ್ತು!

ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಬಿ.ಎಲ್. ರೈಸ್ ಅದನ್ನು 1892ರಲ್ಲಿ ಪತ್ತೆಹಚ್ಚಿದರು. ತಂದೆತಾಯಿಯ ಸೇವೆ ಮಾಡಿ, ನಿಜ ನುಡಿಯಿರಿ ಎನ್ನುವುದರ ಜೊತೆಗೆ, ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಸಾಧಿಸಬಹುದು ಎಂದೂ ಆ ಬಂಡೆಯ ಮೇಲಿದೆ. ಅಲ್ಲೇ ಬುತ್ತಿ ಬಿಚ್ಚಿದೆವು.

ರಾಂಪುರ, ಬಳ್ಳಾರಿ ದಾಟಿ ಹೊಸಪೇಟೆ ದಾರಿ ಹಿಡಿಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಅವಳು ಮಾತ್ರ ಹಾಡು ಗುನುಗುತ್ತಿದ್ದಳು. ರಾತ್ರಿ ತಂಗಿದ್ದು, ಬೆಳಿಗ್ಗೆ ಕಡೇಬಾಗಿಲು ಸೇತುವೆ ದಾಟಿ ಆನೆಗುಂದಿ ಮುಟ್ಟಿದೆವು.

ಹರಿಗೋಲು ಅಂದರೆ ಬಿದಿರಿನ ದೊಡ್ಡ ಬುಟ್ಟಿ ಅಷ್ಟೇ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನ ಡೊಮಿಂಗೊ ಪಾಯಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು. ಹೋಗುವ ಸೋದರಿಯರು ತೇಲುವ ಜಾಕೀಟು ಕೇಳಿಯೇ ಹತ್ತಿ. ತುಂಗಭದ್ರೆಗೆ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಹರಿಗೋಲು ನಿಲ್ಲಿಸುತ್ತಾರೆ, ಮೊದಲೇ ವಿಚಾರಿಸಿಕೊಳ್ಳಿ.

ನಡುನೀರಿನಲ್ಲಿ ಅಂಬಿಗ ಹುಟ್ಟು ಹಾಕಿ ಗಿರ್ರನೆ ತಿರುಗಿಸಿದ. ಬಂಡೆ, ಬೆಟ್ಟ, ಆಕಾಶ ಎಲ್ಲಾ ಸುತ್ತಿದವು. ನಾನು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದರೆ ಇವಳು "ಇನ್ನೊಂದ್ಸಲ, ಇನ್ನೊಂದ್ಸಲ" ಅನ್ನುತ್ತಿದ್ದಳು. ಆಮೇಲೆ ಬುಟ್ಟಿಯಂಚಿಗೆ ಒರಗಿ ಮೊಣಕೈ ತನಕ ನೀರಲ್ಲಿ ಇಳಿಬಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ವೇದಾವತಿಯೂ ಹಗರಿಯಾಗಿ ಇದೇ ತುಂಗಭದ್ರೆಗೆ ಸೇರುತ್ತಾಳೆ, ಆದರೆ ಇಲ್ಲಿಂದ ಬಲು ಕೆಳಗೆ, ಸಿರುಗುಪ್ಪದ ಕಡೆ. ಅದನ್ನು ಹೇಳಿದೆ. ಅವಳಿಗೆ ಕೇಳಿಸಿತೋ ಇಲ್ಲವೋ.

ದಡ ಹತ್ತಿದವಳೇ ಒದ್ದೆ ಕೈಯಲ್ಲೇ ಮನೆಗೆ ಫೋನ್ ಮಾಡಿದಳು. "ರೀ, ಹತ್ತಿ ಇಳಿದೆ ಕಣ್ರೀ" ಎನ್ನುವಾಗ ಗಂಟಲು ಕಟ್ಟಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವರ ನಿಧಾನದ ಮಾತು ನನಗೂ ಕೇಳಿಸಿತು:

"ಗಾಡಿ ನೆರಳಲ್ಲಿ ನಿಲ್ಲಿಸಿದ್ದೀ ತಾನೆ?"