ಯಾವ ಗಾಡಿಗೆ ಎಷ್ಟು ಪುಟ?

‘ಹಾಟ್ ರಾಡ್’ ಎಂಬ ಮಾತನ್ನು ನಿಘಂಟು ಹಿಡಿದು ಕನ್ನಡಿಸಿದರೆ ‘ಕಾದ ಸಲಾಕಿ’ ಎಂದಾಗುತ್ತದೆ. ಕಮ್ಮಾರನ ಕುಲುಮೆಯ ಬಳಿ ಇರಬೇಕಾದ ವಸ್ತು ಅಮೆರಿಕದಲ್ಲಿ ಗಂಟೆಗೆ ನೂರು ಮೈಲಿ ವೇಗದಲ್ಲಿ ಓಡುತ್ತದೆ ಎಂದರೆ ನಂಬುವವರು ಯಾರು? ಆದರೂ ಓಡುವುದು ನಿಜ. ಹಳೆಯದೊಂದು ಮೋಟಾರು, ಬಹುಮಟ್ಟಿಗೆ 1930ರ ಆಚೀಚಿನ ಫೋರ್ಡ್. ಅದರ ಮಡ್‌ಗಾರ್ಡು ಕಿತ್ತು, ಮೈಭಾರ ಇಳಿಸಿ, ಹೊಟ್ಟೆಯೊಳಗೆ ಅದರ ಯೋಗ್ಯತೆಗೆ ಮೀರಿದ ಎಂಜಿನ್ ಕೂರಿಸಿದರೆ ಹಾಟ್ ರಾಡ್. ಇದಕ್ಕೆ ಒಬ್ಬ ತಂಗಿ ಇದ್ದಾಳೆ, ಕಸ್ಟಮ್ ಕಾರು. ಅಣ್ಣನಿಗೆ ವೇಗದ ಹುಚ್ಚು, ತಂಗಿಗೆ ಅಲಂಕಾರದ್ದು. ಕಾರ್ಖಾನೆಯಿಂದ ಬಂದ ಕಾರಿನ ಛಾವಣಿಯನ್ನು ಕುಯ್ದು ತಗ್ಗಿಸಿ, ಬಾಗಿಲಿನ ಹಿಡಿ ತೆಗೆದು, ಸಂದುಗಳಿಗೆ ಸೀಸ ಕರಗಿಸಿ ತುಂಬಿ, ಅದು ಯಾವ ಕಂಪನಿಯ ಕಾರೆಂದು ಅದರ ಹೆತ್ತವರಿಗೇ ಗುರುತು ಸಿಗದಷ್ಟು ನುಣುಪಾಗಿ ತಿದ್ದುವುದು ಅವಳ ದಾರಿ.

ನನಗೆ ಕಾರಿಲ್ಲ. ಇರುವ ಸ್ಕೂಟರಿನಲ್ಲಿಯೂ ಪೆಟ್ರೋಲು ಹಾಕುವ ಬಾಯಿಯೊಂದನ್ನು ಬಿಟ್ಟರೆ ಮಿಕ್ಕ ಅಂಗಗಳ ಪರಿಚಯ ಕಡಿಮೆ. ಹೀಗಿದ್ದೂ ನಾಲ್ಕು ವರ್ಷಗಳಿಂದ ಈ ಗಾಡಿಗಳ ಪತ್ರಿಕೆಗಳನ್ನು ಓದುತ್ತ ಬಂದಿದ್ದೇನೆ. ಅದಕ್ಕೆ ಕಾರಣ ನನ್ನ ಭಾವಮೈದುನ. ಅವನಿಗೆ ಲಾಸ್ ಏಂಜಲೀಸಿನ ಕಡೆ ನೌಕರಿ. ಊರಿಗೆ ಬಂದಾಗಲೆಲ್ಲ ಅಕ್ಕನಿಗೆ ಬಾದಾಮಿ, ಮಕ್ಕಳಿಗೆ ಚಾಕಲೇಟು ತರುವವನು ಭಾವನಿಗೆಂದು ಒಂದು ಕಟ್ಟು ಹಳೆಯ ಪತ್ರಿಕೆ ತರುತ್ತಾನೆ. ಓದುವ ಚಟದವನಿಗೆ ಇಂಥದೇ ಬೇಕೆಂಬ ಹಟವಿಲ್ಲ. ಶೇಂಗಾ ಕಟ್ಟಿದ ಕಾಗದವನ್ನೂ ಬಿಡಿಸಿ ಓದುವವನು ನಾನು. ಓದುತ್ತ ಓದುತ್ತ ರುಚಿ ಹತ್ತಿತು. ಮೊದಲ ಕಾಲದ ಸಂಚಿಕೆಗಳಲ್ಲಿ ಒಬ್ಬೊಬ್ಬ ತರುಣಿ ಎಂಜಿನ್ನಿನ ಒಂದೊಂದು ಬಿಡಿಭಾಗವನ್ನು ಮಗುವಿನಂತೆ ಹಿಡಿದುಕೊಂಡು ನಗುವ ಚಿತ್ರವಿರುತ್ತಿತ್ತು. ನನ್ನ ಹೆಂಡತಿ ಕಾಫಿ ತಂದಿಟ್ಟದ್ದು ಸರಿಯಾಗಿ ಅಂಥ ಒಂದು ಪುಟ ತೆರೆದಿದ್ದಾಗ. “ಪಂಪನ ಮೇಲಿನ ಲೇಖನ ಮುಗಿಯಿತೇ?” ಎಂದಷ್ಟೇ ಕೇಳಿ ಒಳಗೆ ಹೋದಳು.

ಅದಿರಲಿ. ಹೋದ ವರ್ಷ ಒಂದು ಭಾನುವಾರ ಭಾವಮೈದುನ ಫೋನಿನಲ್ಲಿ ಕೆರಳಿದ್ದ. ಅವನ ಪಕ್ಕದ ಮನೆಯಲ್ಲಿ ನಿವೃತ್ತರಾದ ಒಬ್ಬ ಮುದುಕರಿದ್ದಾರೆ. ಹನ್ನೊಂದು ವರ್ಷ ತಮ್ಮ ಗ್ಯಾರೇಜಿನಲ್ಲಿ ಕೂತು 1931ರ ‘ಮಾಡೆಲ್ ಎ’ ಫೋರ್ಡೊಂದನ್ನು ಹಾಟ್ ರಾಡ್ ಮಾಡಿದ್ದಾರೆ. ಅದರ ಹನ್ನೆರಡು ಚಿತ್ರಗಳನ್ನು ಒಂದು ಪತ್ರಿಕೆಗೆ ಕಳಿಸಿದರು. ತಲುಪಿತೆಂಬ ಒಂದು ಸಾಲೂ ಬರಲಿಲ್ಲ. ಅದೇ ಪತ್ರಿಕೆಯಲ್ಲಿ ಒಬ್ಬ ಶ್ರೀಮಂತ ಹಣ ಕೊಟ್ಟು ಮಾಡಿಸಿಕೊಂಡ ಗಾಡಿಗೆ ಹತ್ತು ಪುಟ! “ಆ ಮನುಷ್ಯ ಅದರ ಸ್ಟಿಯರಿಂಗ್ ಹಿಡಿದು ಒಂದು ಮೈಲಿ ಹೋಗಿಲ್ಲ ಭಾವ. ಇದು ಯಾವ ನ್ಯಾಯ? ನೀವು ಕಾಲೇಜಿನ ವಾರ್ಷಿಕ ಸಂಚಿಕೆ ನೋಡಿಕೊಳ್ಳುವವರು, ನೀವೇ ಹೇಳಿ.”

ಹದಿನಾಲ್ಕು ವರ್ಷದಿಂದ ಆ ಸಂಚಿಕೆಯ ಸಂಪಾದಕತ್ವ ನನ್ನ ಹೆಗಲ ಮೇಲಿದೆ. ಎಂಬತ್ತು ಪುಟ. ಅದರಲ್ಲಿ ಪ್ರಾಂಶುಪಾಲರ ಸಂದೇಶ, ಆಡಳಿತ ಮಂಡಳಿಯವರ ಭಾವಚಿತ್ರ, ಕಬಡ್ಡಿ ತಂಡ ಇವೆಲ್ಲ ಕಳೆದು ಉಳಿಯುವುದು ನಲವತ್ತು. ಬರುವ ಕವಿತೆಗಳು ಮುನ್ನೂರು. ಒಂದನ್ನು ಅಚ್ಚುಹಾಕುವುದೆಂದರೆ ಏಳನ್ನು ಹಿಂದಿರುಗಿಸುವುದು ಎಂಬ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅವನ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ಆಗಲಿಲ್ಲ.

ಈ ಪತ್ರಿಕೆಗಳ ಹುಟ್ಟನ್ನು ನೋಡಿದರೆ ಪ್ರಶ್ನೆಯ ಬುಡ ಕಾಣುತ್ತದೆ. ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಮುರಾಕ್, ಎಲ್ ಮಿರಾಜ್ ಎಂಬ ಒಣಕೆರೆಗಳಿವೆ. ಮಳೆ ಬತ್ತಿದ ಮೇಲೆ ನೆಲ ಹಪ್ಪಳದಂತೆ ಚಪ್ಪಟೆ. ಹುಡುಗರು ವಾರದ ಕೊನೆಗೆ ತಮ್ಮ ಗಾಡಿ ತಂದು ಅಲ್ಲಿ ವೇಗ ಅಳೆದುಕೊಳ್ಳುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳೆಲ್ಲ ಸೇರಿ ಒಂದು ಸಂಘವನ್ನೂ ಕಟ್ಟಿಕೊಂಡವು. ಆದರೆ ಊರೊಳಗಿನ ರಸ್ತೆಯಲ್ಲಿ ಪಂದ್ಯ ಕಟ್ಟಿ ಕೈಕಾಲು ಮುರಿದುಕೊಳ್ಳುವವರೂ ಇದ್ದರಲ್ಲ. ದಿನಪತ್ರಿಕೆಗಳಿಗೆ ಸುದ್ದಿ ಅವರದೇ. ಹಾಟ್ ರಾಡ್ ಎಂದರೆ ಪುಂಡ ಎಂದು ಹೆಸರಾಯಿತು. 1948ರ ಜನವರಿಯಲ್ಲಿ ಇಪ್ಪತ್ತೊಂದು ವರ್ಷದ ರಾಬರ್ಟ್ ಪೀಟರ್ಸನ್ ಎಂಬ ತರುಣ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆ ಹೊರಡಿಸಿದ. ಬೆಲೆ 25 ಸೆಂಟು. ಲಾಸ್ ಏಂಜಲೀಸಿನಲ್ಲಿ ಈ ಗಾಡಿಗಳ ಪ್ರದರ್ಶನ ನಡೆಯುತ್ತಿದ್ದಾಗ ತಾನೇ ನಿಂತು ಮಾರಿದ. ಮರುವರ್ಷ ಸಂಪಾದಕನಾಗಿ ಬಂದ ವಾಲಿ ಪಾರ್ಕ್ಸ್ 1951ರಲ್ಲಿ ಪಂದ್ಯಗಳಿಗೊಂದು ರಾಷ್ಟ್ರೀಯ ಸಂಸ್ಥೆ ಕಟ್ಟಿ, ಓಟವನ್ನು ಬೀದಿಯಿಂದ ಬಿಡಿಸಿ ಗೆರೆ ಎಳೆದ ಮೈದಾನಕ್ಕೆ ತಂದ.

ಹಾಗಾಗಿ ಮೊದಲ ಸಂಪಾದಕರಿಗೆ ಯಾವ ಗಾಡಿ ಅಚ್ಚಾಗಬೇಕೆಂಬುದು ಮಾನದ ಪ್ರಶ್ನೆಯಾಗಿತ್ತು. ಬ್ರೇಕು ಸರಿಯಿರುವ, ಬೆಸುಗೆ ಅಚ್ಚುಕಟ್ಟಾಗಿರುವ ಗಾಡಿಯನ್ನು ತೋರಿಸಿ, ‘ನೋಡಿ, ನಮ್ಮ ಹುಡುಗರು ಪುಂಡರಲ್ಲ, ಕುಶಲರು’ ಎನ್ನಬೇಕಿತ್ತು. ಜೊತೆಗೆ ಕಲಿಸಲೂ ಬೇಕಿತ್ತು. ಯಾವುದೋ ಜೋಳದ ಸೀಮೆಯ ಹುಡುಗನಿಗೆ ಒಣಕೆರೆಯೂ ಇಲ್ಲ, ಗುರುವೂ ಇಲ್ಲ. ಎಂಜಿನ್ ಎಲ್ಲಿ ಕೊರೆಯಬೇಕು, ಅಚ್ಚನ್ನು ಹೇಗೆ ತಗ್ಗಿಸಬೇಕು ಎಂಬುದನ್ನು ಅವನು ಆ ಪುಟ ನೋಡಿಯೇ ಕಲಿತ.

ಅಂಥ ಕಾಲದ ಒಂದು ಗಾಡಿ ನನಗೆ ಬಹಳ ಹಿಡಿಸಿದೆ. ಬಿಲ್ ನೀಕ್ಯಾಂಪ್ ಎಂಬಾತನ 1929ರ ಫೋರ್ಡ್. 1950ರಲ್ಲಿ ಓಕ್ಲೆಂಡಿನ ಪ್ರದರ್ಶನದಲ್ಲಿ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಎಂಬ ಬಿರುದು ಮೊಟ್ಟಮೊದಲು ಕೊಟ್ಟದ್ದು ಇದಕ್ಕೆ. ಬಿರುದು ಬಂದ ಮೇಲೆ ಆತ ಅದಕ್ಕೆ ಮಖಮಲ್ಲು ಹೊದಿಸಿ ಒಳಗಿಡಲಿಲ್ಲ. 1952ರಲ್ಲಿ ಎಲ್ ಮಿರಾಜಿನ ಧೂಳಿಗೆ ಅದನ್ನು ನುಗ್ಗಿಸಿ ಗಂಟೆಗೆ 142 ಮೈಲಿ ಓಡಿಸಿದ. ರಾಜಕುಮಾರಿ ಕಿರೀಟ ತೆಗೆದಿಟ್ಟು ಕುಸ್ತಿಯ ಕಣಕ್ಕೆ ಇಳಿದಂತೆ! ಈಗಿನ ದೊಡ್ಡ ಪ್ರದರ್ಶನಗಳ ರೀತಿ ಬೇರೆ. ಡೆಟ್ರಾಯಿಟಿನಲ್ಲಿ 1964ರಿಂದ ಕೊಡುತ್ತಿರುವ ರಿಡ್ಲರ್ ಪ್ರಶಸ್ತಿಗೆ ಗಾಡಿ ಅದಕ್ಕೆ ಮೊದಲು ಎಲ್ಲಿಯೂ ಪ್ರದರ್ಶನಗೊಂಡಿರಬಾರದು. ಲಕ್ಷಗಟ್ಟಲೆ ಡಾಲರು ಸುರಿದು, ಹತ್ತಾರು ಕುಶಲಕರ್ಮಿಗಳು ವರ್ಷಗಟ್ಟಲೆ ದುಡಿದು, ಮುಚ್ಚಿದ ಲಾರಿಯಲ್ಲಿ ಮದುಮಗಳಂತೆ ತಂದು ಇಳಿಸುತ್ತಾರೆ. ಕೆಲಸದ ನಯ ಕಂಡರೆ ಕೈಮುಗಿಯಬೇಕೆನಿಸುತ್ತದೆ, ಸುಳ್ಳೇಕೆ? ಆದರೆ ಕೈಮುಗಿದ ಮೇಲೆ ಮಾತನಾಡುವುದಕ್ಕೆ ಏನೂ ಇರುವುದಿಲ್ಲ.

“ಹಾಗಾದರೆ ಒಂದು ನಿಯಮ ಮಾಡಿಬಿಡಿ ಭಾವ, ಸ್ವಂತ ಕೈಯಲ್ಲಿ ಮಾಡಿದ್ದಕ್ಕೆ ಮಾತ್ರ ಪುಟ” ಎಂದ ಭಾವಮೈದುನ.

ಕೇಳುವುದಕ್ಕೆ ಸೊಗಸು. ಆದರೆ ಈ ನಿಯಮಕ್ಕೆ ಹಿರೋಹಾಟನ ಕಾರು ಅಡ್ಡ ನಿಂತಿತು.

ಬಾಬ್ ಹಿರೋಹಾಟ ಜಪಾನಿ ಮೂಲದ ಅಮೆರಿಕನ್ ತರುಣ. 1951ರ ಮರ್ಕ್ಯುರಿ ಕಾರೊಂದನ್ನು ಬ್ಯಾರಿಸ್ ಸೋದರರ ಷೆಡ್ಡಿಗೆ ಒಪ್ಪಿಸಿದ. ತಾನು ಸುತ್ತಿಗೆ ಹಿಡಿಯಲಿಲ್ಲ; ದುಡ್ಡು ಕೊಟ್ಟ, ಮಾಡಿಸಿಕೊಂಡ. ಅವರು ಛಾವಣಿಯನ್ನು ಮುಂದೆ 4 ಅಂಗುಲ, ಹಿಂದೆ 7 ಅಂಗುಲ ಕುಯ್ದರು. ಬಾಗಿಲುಗಳ ಹಿಂದಿನ ಕಂಬ ತೆಗೆದರು. ಪಕ್ಕದ ಉದ್ದಕ್ಕೂ ಬ್ಯೂಕ್ ಕಾರಿನ ಬೆಳ್ಳಿಗೆರೆ ತಂದು ಕೂರಿಸಿ, ಅದರ ಮೇಲೊಂದು ಹಸಿರು ಕೆಳಗೊಂದು ಹಸಿರು ಬಳಿದರು. ಬೇರೊಬ್ಬರ ಒಡವೆ ಹಾಕಿಕೊಂಡವರು ಮದುವೆಮನೆಯಲ್ಲಿ ಗೊತ್ತಾಗಿಬಿಡುತ್ತಾರೆ. ಇಲ್ಲಿ ಗೊತ್ತಾಗುವುದಿಲ್ಲ. ಬ್ಯೂಕಿನ ಗೆರೆ ಮರ್ಕ್ಯುರಿಯ ಮೈಯಲ್ಲೇ ಹುಟ್ಟಿದಂತಿದೆ. ನಮ್ಮ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವ ಎಂದು ವಾದಿಸಿದನಲ್ಲ. ತರಗತಿಯಲ್ಲಿ ಅದನ್ನು ವಿವರಿಸಲು ನಾನು ಪಡುವ ಪಾಡನ್ನು ಈ ಒಂದು ಚಿತ್ರ ತಪ್ಪಿಸೀತು. ಒಂದು ಸಲ ತೋರಿಸಿಯೂ ನೋಡಿದೆ. ಹಿಂದಿನ ಬೆಂಚಿನವರು ಅಂದು ಮೊದಲ ಬಾರಿಗೆ ಎಚ್ಚರವಾಗಿದ್ದರು.

ಹಿರೋಹಾಟ ಆ ಕಾರನ್ನು ಮಾಡಿಸಿ ಸುಮ್ಮನಿರಲಿಲ್ಲ. 1953ರಲ್ಲಿ ಅದಕ್ಕೆ ಕ್ಯಾಡಿಲಾಕ್ ಎಂಜಿನ್ ಹಾಕಿಸಿ, ಲಾಸ್ ಏಂಜಲೀಸಿನಿಂದ ಸುಮಾರು 2000 ಮೈಲಿ ದೂರದ ಇಂಡಿಯಾನಾಪೊಲಿಸಿಗೆ ತಾನೇ ಓಡಿಸಿಕೊಂಡು ಹೋದ. ಆ ಪ್ರಯಾಣದ ಕಥೆಯನ್ನು ಬರೆದು ‘ರಾಡ್ ಅಂಡ್ ಕಸ್ಟಮ್’ ಎಂಬ ಪತ್ರಿಕೆಗೆ ಕೊಟ್ಟ. ಅಕ್ಟೋಬರ್ ಸಂಚಿಕೆಯಲ್ಲಿ ಬಂತು. ಮುಂದೆ ಆ ಕಾರು ಕೈಬದಲಾಗಿ, ಬಣ್ಣಗೆಟ್ಟು, ಹಳೆಯ ಕಾರು ಮಾರುವವರ ಅಂಗಳ ಸೇರಿತು. 1959ರಲ್ಲಿ ಜಿಮ್ ಮೆಕ್‌ನೀಲ್ ಎಂಬ ಹರೆಯದ ಹುಡುಗ ಅದನ್ನು 500 ಡಾಲರಿಗೆ ಕೊಂಡ. ಕೊಂಡವನು ತನ್ನ ಜೀವಮಾನವೆಲ್ಲ ಅದನ್ನು ಬಿಡಲಿಲ್ಲ. ನಡುವೆ ಎಷ್ಟೋ ವರ್ಷ ಅದು ಮನೆಯಲ್ಲಿ ಸುಮ್ಮನೆ ನಿಂತಿತ್ತು. ಆಮೇಲೆ ಅದನ್ನು ಮತ್ತೆ ಹಿಂದಿನ ಎರಡು ಹಸಿರಿಗೆ ತಂದ. 2017ರಲ್ಲಿ ಆ ದೇಶದ ಚಾರಿತ್ರಿಕ ವಾಹನಗಳ ಪಟ್ಟಿಗೆ ಅದರ ಹೆಸರು ಸೇರಿತು. ಮೆಕ್‌ನೀಲ್ 2018ರಲ್ಲಿ ತೀರಿಕೊಂಡ. 2022ರ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ಸುಮಾರು 20 ಲಕ್ಷ ಡಾಲರು.

ಆ ಬೆಲೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 500 ಡಾಲರಿನ ದಿನ. ಅಂಥ ಕಾರುಗಳು ಎಷ್ಟೋ ಗುಜರಿಗೆ ಹೋದವು. ಇದೊಂದನ್ನು ಕಂಡ ಕೂಡಲೇ ‘ಇದು ಅದೇ’ ಎಂದು ಗುರುತಿಸುವವರು ಇದ್ದರೆಂದರೆ, ಅದು ಪತ್ರಿಕೆಯಲ್ಲಿ ಬಂದಿದ್ದುದರಿಂದ. ಅಚ್ಚಾದ ಗಾಡಿಗೆ ಎರಡನೆಯ ಆಯುಸ್ಸು ಇದೆ. ಅಚ್ಚಾಗದ್ದು ಮಾಡಿದವನ ಜೊತೆಗೇ ಮುಗಿಯುತ್ತದೆ. ಸಂಪಾದಕನ ಮೇಜಿನ ಮೇಲೆ ನಡೆಯುವ ಈ ಕೆಲಸವನ್ನು ನೆನೆದರೆ ನನಗೆ ಸ್ವಲ್ಪ ಭಯವೇ ಆಗುತ್ತದೆ.

ಸ್ವಂತ ಕೈಯ ನಿಯಮ ಹೀಗೆ ಬಿತ್ತು. ಬಡತನದ ನಿಯಮವೂ ನಿಲ್ಲಲಾರದು. ‘ರ‍್ಯಾಟ್ ರಾಡ್’ ಎಂಬ ಒಂದು ಪಂಥವಿದೆ. ಬಣ್ಣವಿಲ್ಲ, ತುಕ್ಕೇ ಭೂಷಣ. ಕೆಲವು ನಿಜಕ್ಕೂ ಕೈಯಲ್ಲಿ ಕಾಸಿಲ್ಲದವರು ಕೂಡಿಸಿಕೊಂಡವು, ಅವಕ್ಕೆ ನಮಸ್ಕಾರ. ಇನ್ನು ಕೆಲವಕ್ಕೆ ದುಡ್ಡು ಕೊಟ್ಟು ತುಕ್ಕು ಹಿಡಿಸಿರುತ್ತಾರೆ. ಬೇಕೆಂದೇ ಹರಿಸಿಕೊಂಡ ಜುಬ್ಬ ತೊಟ್ಟು ಕವಿಗೋಷ್ಠಿಗೆ ಬರುವವರನ್ನು ಕಂಡವರಿಗೆ ಇದರ ವಿವರಣೆ ಬೇಡ.

ಮತ್ತೆ ಅಳತೆಗೋಲು ಯಾವುದು? ಭಾವಮೈದುನನಿಗೆ ಕೋಪ ಬರಿಸಿದ ಆ ಹತ್ತು ಪುಟವನ್ನು ತರಿಸಿಕೊಂಡು ಓದಿದೆ. ಮೇಷ್ಟರ ಬುದ್ಧಿ; ಕೈಯಲ್ಲಿ ಪೆನ್ಸಿಲು ಹಿಡಿದೇ ಓದಿದ್ದು. ಅದರ ತುಂಬ ವಿಶೇಷಣಗಳು: ಅದ್ಭುತ, ಅಪೂರ್ವ, ದೋಷರಹಿತ. ಬಣ್ಣ ಇಂಥ ಕಂಪನಿಯದು, ಚಕ್ರ ಇಂಥವರದು, ತೊಗಲು ಇಟಲಿಯದು. ವಿಶೇಷಣಗಳನ್ನೂ ಅಂಗಡಿಗಳ ಹೆಸರನ್ನೂ ಹೊಡೆದುಹಾಕಿದೆ. ಉಳಿದ ಕ್ರಿಯಾಪದ ಒಂದೇ, ‘ಇದೆ’. ಹಿರೋಹಾಟನ ಕಾರಿಗೆ ಇದೇ ಪರೀಕ್ಷೆ ಮಾಡಿ: ಕುಯ್ದರು, ತೆಗೆದರು, ಕೂರಿಸಿದರು, ಹೋದ, ಬರೆದ, ಕೊಂಡ, ಬಿಡಲಿಲ್ಲ. ಯಾರ ಕೈ, ಯಾರ ದುಡ್ಡು ಎಂಬುದು ಆಮೇಲಿನ ಮಾತು. ಕ್ರಿಯಾಪದಗಳಿಲ್ಲದ ಗಾಡಿಗೆ ಒಂದು ಚಿತ್ರ ಸಾಕು, ಪುಟ ಬೇಡ. ಇದು ನನ್ನ ತೀರ್ಪು.

“ಅಂಥ ಪತ್ರಿಕೆ ಮೂರು ತಿಂಗಳಲ್ಲಿ ಮುಚ್ಚುತ್ತದೆ” ಎಂದು ಭಾವಮೈದುನನೇ ಉಲ್ಟಾ ಹೊಡೆದ. ಅದೂ ನಿಜವಿರಬಹುದು. ಬಿಡಿಭಾಗ ಮಾರುವವರ ಜಾಹೀರಾತಿನಿಂದ ಬದುಕುವ ಪತ್ರಿಕೆ ಹೊಳೆಯುವುದನ್ನು ತೋರಿಸಲೇಬೇಕು. ಆದರೆ ಹೊಳಪೂ ಕಾಪಾಡಲಿಲ್ಲವಲ್ಲ! 2019ರ ಡಿಸೆಂಬರಿನಲ್ಲಿ ಒಂದೇ ಪ್ರಕಾಶನ ಸಂಸ್ಥೆ ತನ್ನ 19 ವಾಹನ ಪತ್ರಿಕೆಗಳ ಅಚ್ಚನ್ನು ಒಟ್ಟಿಗೆ ನಿಲ್ಲಿಸುವುದಾಗಿ ಸಾರಿತು. ‘ಸ್ಟ್ರೀಟ್ ರಾಡರ್’, ‘ಕಾರ್ ಕ್ರಾಫ್ಟ್’ ಎಲ್ಲ ಅದರಲ್ಲಿ ಹೋದವು. ‘ಹಾಟ್ ರಾಡ್’ ಉಳಿಯಿತು. ಪುಟಗಳೇ ಕಡಿಮೆಯಾದ ಮೇಲೆ ಯಾರಿಗೆ ಪುಟವೆಂಬ ಜಗಳ ಇನ್ನಷ್ಟು ಬಿರುಸಾಗಬೇಕು. (ನಮ್ಮಲ್ಲಿ ಈ ಜಗಳಕ್ಕೆ ಎಡೆಯೇ ಇಲ್ಲ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ನನ್ನ ಸ್ಕೂಟರಿಗೆ ಅದರಿಂದ ನೆಮ್ಮದಿಯೇ ಆಗಿರಬೇಕು.)

ಇಷ್ಟು ಹೇಳಿದ ಮೇಲೆ ಆ ಮುದುಕರ ಗಾಡಿಯನ್ನೂ ಅದೇ ಪರೀಕ್ಷೆಗೆ ಒಡ್ಡಬೇಕಲ್ಲವೇ? ಹನ್ನೆರಡು ಚಿತ್ರ ತರಿಸಿ ನೋಡಿದೆ. ಕಪ್ಪು ಗಾಡಿ, ಅಚ್ಚುಕಟ್ಟಾಗಿದೆ, ಅದರಂಥವು ನೂರಿವೆ. ಚಿತ್ರ ಮಾತ್ರ ನೋಡಿದ ಸಂಪಾದಕ ಪಕ್ಕಕ್ಕಿಟ್ಟಿದ್ದರೆ ಅದು ನನಗೆ ಅರ್ಥವಾಗುತ್ತದೆ. “ಬೇರೇನಾದರೂ ಇದೆಯೇ?” ಎಂದು ಕೇಳಿದೆ. ಒಂದು ನೋಟ್‌ಬುಕ್ಕಿದೆ, ಅದನ್ನು ಪತ್ರಿಕೆಗೆ ಕಳಿಸಿರಲಿಲ್ಲ ಎಂದ. ಅದರ ಪುಟಗಳ ಚಿತ್ರ ತೆಗೆದು ಕಳಿಸಿದ.

ಹನ್ನೊಂದು ವರ್ಷದ ದಿನಚರಿ. “1940ರ ಫೋರ್ಡಿನ ಬ್ರೇಕು ತಂದೆ. ಕೂರಲಿಲ್ಲ. ತೂತು ಮತ್ತೆ ಕೊರೆದೆ.” “ಛಾವಣಿ ಕುಯ್ದೆ. ಬಾಗಿಲು ಮುಚ್ಚುತ್ತಿಲ್ಲ.” “ಬಾಗಿಲು ಮುಚ್ಚಿತು.” “ಎಂಜಿನ್ ಎಂಟು ನಿಮಿಷ ಓಡಿ ನಿಂತಿತು. ನೀರು ಸೋರುತ್ತಿದೆ. ಸಂತೋಷವಾಯಿತು.” ಆರನೆಯ ವರ್ಷದಲ್ಲಿ ಐದು ತಿಂಗಳು ಏನೂ ಬರೆದಿಲ್ಲ. ಆಗ ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರೆಂದು ಭಾವಮೈದುನ ಹೇಳಿದ. ಆ ಖಾಲಿಯ ನಂತರದ ಸಾಲು: “ಎಡಗಡೆಯ ಸೀಟನ್ನಷ್ಟೇ ಹೊಲಿಸಿದೆ. ಬಲಗಡೆಯದನ್ನು ಆಮೇಲೆ ನೋಡೋಣ.” ಅಲ್ಲಿ ಓಡಿಸುವವರು ಕೂರುವುದು ಎಡಗಡೆ. ಎರಡು ವರ್ಷ ಕಳೆದು ಮತ್ತೊಂದು ಪುಟದಲ್ಲಿ, “ಬಲಗಡೆಯದನ್ನೂ ಹೊಲಿಸಿದೆ.”

ನಾನು ಆ ಪತ್ರಿಕೆಯ ಸಂಪಾದಕನಲ್ಲ. ಆದರೆ ನನ್ನ ಕೈಯಲ್ಲಿಯೂ ನಲವತ್ತು ಪುಟಗಳಿವೆ. ಆ ದಿನಚರಿಯನ್ನು ಅವರ ಅಪ್ಪಣೆ ಪಡೆದು ಕನ್ನಡಕ್ಕೆ ತಿರುಗಿಸಿ ಈ ಸಲದ ವಾರ್ಷಿಕ ಸಂಚಿಕೆಯಲ್ಲಿ ನಾಲ್ಕು ಪುಟ ಹಾಕಿದೆ. ಪ್ರಾಂಶುಪಾಲರು ಕನ್ನಡಕ ಏರಿಸಿ, “ಇದು ಯಾವ ವಿಭಾಗಕ್ಕೆ ಬರುತ್ತದೆ?” ಎಂದರು. “ಗದ್ಯ, ಸಾರ್” ಎಂದೆ.

ಒಂದು ಪ್ರತಿ ಅಂಚೆಯಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಯಿತು. ಮುದುಕರು ಅದನ್ನು ಗ್ಯಾರೇಜಿನ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುವಿಹಾಕಿದರಂತೆ. ಕೊನೆಗೆ, ‘ಫೋರ್ಡ್’ ಎಂದು ಬರೆದಿರುವುದು ಎಲ್ಲಿ ಎಂದು ಕೇಳಿದರಂತೆ. ಭಾವಮೈದುನ ಬೆರಳಿಟ್ಟು ತೋರಿಸಿದ. ಅವರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಅದರ ಕೆಳಗೆ ಗೆರೆ ಎಳೆದುಕೊಂಡರು.