ಚಳಿಗಾಲದ ಗಾಳ

ಸೊರಬ ಸೀಮೆಯಲ್ಲಿ ಮೀನಿಗೂ ಒಂದು ಪಂಚಾಂಗವಿದೆ. ಮುಂಗಾರಿನ ಮೊದಲ ಕೆಂಪು ನೀರು ಹರಿದಾಗ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನಿನ ಕಾಲ. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಊರಿಗೆ ಊರೇ ಮೀನು ಹಿಡಿಯುವ ಕೂಣಿ ಹೊತ್ತು ಕೆಸರಿಗೆ ಇಳಿಯುವ ಕೆರೆಬೇಟೆ. ಇವೆರಡಕ್ಕೂ ಗದ್ದಲವುಂಟು, ಕೇಕೆಯುಂಟು, ಮೂರು ದಿನ ಮುಗಿಯದ ಸುದ್ದಿಯುಂಟು. ಕೆರೆಬೇಟೆಯ ಹೆಸರಲ್ಲಿ 2024ರಲ್ಲಿ ಸಿನಿಮಾವೇ ಬಂತು. ಇವುಗಳ ನಡುವೆ ಸಿಕ್ಕಿಕೊಂಡ ಚಳಿಗಾಲದ ಗಾಳವನ್ನು ಕೇಳುವವರಿಲ್ಲ. ಒಂದು ಬಿದಿರಿನ ಗಳ, ನಾಲ್ಕು ಮಾರು ನೈಲಾನ್ ದಾರ, ಹಳೇ ಹವಾಯಿ ಚಪ್ಪಲಿ ಕೊಯ್ದು ಮಾಡಿದ ಬೆಂಡು, ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಎರೆಹುಳ. ಇಷ್ಟರಲ್ಲಿ ಸಿನಿಮಾ ತೆಗೆಯಲಾಗದು. ನನಗೆ ಮಾತ್ರ ಮೂರರಲ್ಲಿ ಇದೇ ಮೇಲು.

ಸೊರಬ ತಾಲ್ಲೂಕಿನ ಹೊಸಬಾಳೆಯ ಆಸುಪಾಸಿನವರಿಗೆ ಹೊಳೆ ಎಂದರೆ ದಂಡಾವತಿ, ಇಲ್ಲವೇ ವರದೆ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿದ ವರದೆ ಬನವಾಸಿಯ ಮಗ್ಗುಲಲ್ಲಿ ಹಾದು, ಗಳಗನಾಥದಲ್ಲಿ ತುಂಗಭದ್ರೆಯ ಪಾಲಾಗುತ್ತಾಳೆ. ಸೊರಬದ ರಂಗನಾಥನ ಗುಡಿಯ ಪಕ್ಕದಲ್ಲಿ ಹರಿಯುವ ದಂಡಾವತಿಯೂ ಕೊನೆಗೆ ವರದೆಯನ್ನೇ ಕೂಡುವವಳು. ಮಳೆಗಾಲದಲ್ಲಿ ಕಂಡವರ ಗದ್ದೆಗೆಲ್ಲ ನುಗ್ಗಿ ಬರುವ ಇವರು, ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ತಣ್ಣಗಾಗಿ ದಡದೊಳಗೆ ಸರಿದಿರುತ್ತಾರೆ. ನೀರು ತಿಳಿಯಾಗುತ್ತದೆ. ಎಲ್ಲಿ ಮಡು, ಎಲ್ಲಿ ಮರಳು, ಯಾವ ಬೇರಿನ ಕೆಳಗೆ ಪೊಟರೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಹೊಳೆ ತನ್ನ ಗುಟ್ಟು ಹೇಳುವುದು ಚಳಿಗಾಲದಲ್ಲೇ.

ಆದರೆ ತಿಳಿನೀರಿನಲ್ಲಿ ನಾವು ಮೀನನ್ನು ಕಾಣುವ ಮೊದಲೇ ಮೀನು ನಮ್ಮನ್ನು ಕಂಡಿರುತ್ತದೆ. ನೆರಳು ನೀರಿಗೆ ಬೀಳದಂತೆ ಕೂರಬೇಕು, ದಾರ ಸಣ್ಣದಿರಬೇಕು, ಕಾಲು ಸಪ್ಪಳ ಮಾಡಬಾರದು. ಬೆಳಗಿನ ಜಾವಕ್ಕೇ ಎದ್ದು ಓಡುವುದೂ ದಂಡ. ಮೀನಿನ ಮೈಗೆ ಸ್ವಂತ ಬಿಸಿಯಿಲ್ಲ; ನೀರು ತಣ್ಣಗಾದಷ್ಟೂ ಅರಗುವುದು ನಿಧಾನ, ಹಸಿವೂ ಕಡಿಮೆ. ಇಬ್ಬನಿ ಹರಿದು, ಬಿಸಿಲು ನೀರಿಗೆ ತಾಗಿದ ಮೇಲೆಯೇ ಅವುಗಳ ಬಾಯಿ ತೆರೆಯುವುದು. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ಶಾಸ್ತ್ರ ಬೇರೆಲ್ಲಿದೆ?

ಆಮೇಲಿನದೆಲ್ಲ ಬೆಂಡಿನ ಭಾಷೆ. ಗಿರ್ಲು ಮೀನು ಟುಕು ಟುಕು ಎಂದು ಕುಟ್ಟಿ, ಹುಳ ತಿಂದು, ಕೊಕ್ಕೆಯನ್ನು ತೊಳೆದಿಟ್ಟಂತೆ ಬಿಟ್ಟು ಹೋಗುತ್ತದೆ. ಏಡಿಯಾದರೆ ಬೆಂಡು ಮುಳುಗದೆ ಪಕ್ಕಕ್ಕೆ ಮೆಲ್ಲಗೆ ಜರುಗುತ್ತದೆ. ಚೇಳುಮೀನು ಓರೆಯಾಗಿ ಎಳೆಯುತ್ತದೆ. ಎಳೆದು ಮೇಲೆ ಹಾಕಿದರೂ ಹುಷಾರಾಗಿರಬೇಕು, ಕಿವಿರಿನ ಪಕ್ಕದ ರೆಕ್ಕೆಮುಳ್ಳಿನಲ್ಲಿ ನಂಜಿದೆ, ಚುಚ್ಚಿಸಿಕೊಂಡವರು ಜನ್ಮದಲ್ಲಿ ಮರೆಯುವುದಿಲ್ಲ. ಇನ್ನು ಕುಚ್ಚು. ಅದಕ್ಕೆ ಕಿವಿರೊಂದೇ ಸಾಲದು, ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಜೊಂಡಿನ ಅಂಚಿನಲ್ಲಿ ‘ಬುಳುಕ್’ ಎಂದರೆ ಅಲ್ಲಿ ಅದಿದೆ ಎಂದೇ ಲೆಕ್ಕ. ಅದು ಕಚ್ಚಿದರೆ ಬೆಂಡು ಕುಣಿಯುವುದಿಲ್ಲ, ಸುಮ್ಮನೆ ಕಾಣೆಯಾಗುತ್ತದೆ. ಆ ಒಂದು ಗಳಿಗೆಗೆ ಇಡೀ ಬೆಳಗನ್ನು ಒತ್ತೆಯಿಡಬಹುದು.

ಪೈಪೋಟಿಗೆ ಬರುವವರೂ ಉಂಟು. ಗುಡವಿ ಪಕ್ಷಿಧಾಮ ಇರುವುದು ನಮ್ಮ ತಾಲ್ಲೂಕಿನಲ್ಲೇ ಆದ್ದರಿಂದ ನೀರುಕಾಗೆ, ಹಾವಕ್ಕಿಗಳಿಗೆ ಬರವಿಲ್ಲ. ನಾನು ಗಂಟೆಗಟ್ಟಲೆ ಕಣ್ಣು ನೆಟ್ಟ ಮಡುವಿಗೆ ನೀರುಕಾಗೆ ಮುಳುಗು ಹಾಕಿ, ನನ್ನೆದುರೇ ನುಂಗಿ, ರೆಕ್ಕೆ ಒಣಗಿಸಲು ಕೂರುತ್ತದೆ. ದಾರಿಯಲ್ಲಿ ಹೋಗುವ ಮನುಷ್ಯರದು ಇನ್ನೊಂದು ಕಾಟ. ಈ ತಿಂಗಳುಗಳಲ್ಲಿ ಶಿಕಾರಿಪುರ, ಸೊರಬದ ಊರುಗಳಲ್ಲಿ ಹೋರಿ ಹಬ್ಬದ ಅಬ್ಬರ. ಕೊಬ್ಬರಿ ಹಾರದ ಹೋರಿ ನೋಡಲು ಹೊರಟವರೆಲ್ಲ ಸೇತುವೆಯ ಮೇಲೆ ಬೈಕು ನಿಲ್ಲಿಸಿ ಕೂಗುತ್ತಾರೆ. ಒಮ್ಮೆ ದನ ಹೊಡೆದುಕೊಂಡು ಬಂದ ಅಜ್ಜನೊಬ್ಬ, “ಎಂತ ಹಿಡೀತೋ ತಮ್ಮಾ?” ಎಂದ. “ಚಳಿ ಹಿಡೀತು ಅಜ್ಜಾ, ಮೀನಿನ್ನೂ ಇಲ್ಲ” ಎಂದೆ. ಅಜ್ಜ ನಕ್ಕು, ಬೀಡಿ ಹಚ್ಚಿ, ದನ ಮರೆತು ಪಕ್ಕದಲ್ಲೇ ಕೂತ. ಗಾಳದ ಚಟ ಅಂಟುವುದೇ ಹೀಗೆ.

ಮನೆಯಲ್ಲಿ ಈ ಚಟಕ್ಕೆ ಮರ್ಯಾದೆ ಕಡಿಮೆ. ಘಟ್ಟದ ಕೆಳಗಿಂದ ಬಂಗಡೆ ಹೊತ್ತ ಬೈಕು ಹಾರ್ನ್ ಹಾಕುತ್ತ ಬಾಗಿಲಿಗೇ ಬರುವಾಗ, ಅಂಗೈಯಗಲದ ನಾಲ್ಕು ಹೊಳೆಮೀನಿಗೆ ಅರ್ಧ ದಿನವೇ? ಆದರೆ ಲೋಳೆ ಹೋಗುವಂತೆ ಬೂದಿ ಹಾಕಿ ತಿಕ್ಕಿ, ವಾಟೆಹುಳಿ ಬಿಟ್ಟು ಕುದಿಸಿದ ಸಾರಿನ ಎದುರು, ಮಾರನೆಯ ದಿನದ ಅಕ್ಕಿರೊಟ್ಟಿಯ ಹೊತ್ತಿಗೆ, ಈ ತಕರಾರು ತಾನೇ ಸುಮ್ಮನಾಗುತ್ತದೆ.

ಮೂರರಲ್ಲಿ ಗಾಳವೇ ಮೇಲು ಎಂದೆನಲ್ಲ, ರುಚಿಯೊಂದೇ ಅದಕ್ಕೆ ಕಾರಣವಲ್ಲ. ಹತ್ತುಮೀನಿನ ಹೊಟ್ಟೆ ತುಂಬ ಮೊಟ್ಟೆ. ಒಂದನ್ನು ಹೊಡೆದರೆ ಮುಂದಿನ ವರ್ಷದ ಹಿಂಡನ್ನೇ ಹೊಡೆದಂತೆ. ಚಳಿಗಾಲಕ್ಕೆ ಆ ಬಸಿರು ಮುಗಿದು, ಮರಿಗಳು ಚದುರಿ ಹೋಗಿರುತ್ತವೆ. ಗಾಳವೂ ಹಸಿದು ಬಂದ ಒಂದೊಂದನ್ನೇ ಕೇಳಿ ಪಡೆಯುತ್ತದೆ, ಬಾರದವನ್ನು ಬಿಡುತ್ತದೆ. ನೀರಿಗೆ ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಆದರೂ ಮಡುವಿಗೆ ಬ್ಲೀಚಿಂಗ್ ಪುಡಿ ಸುರಿಯುವ, ಕರೆಂಟು ಬಿಡುವ ಕೈಗಳು ನಿಂತಿಲ್ಲ. ಅಂಥ ಮಡುವಿನಲ್ಲಿ ಆಮೇಲೆ ಬೆಂಡು ದಿನವಿಡೀ ತೇಲಿದರೂ ಅಲುಗುವುದಿಲ್ಲ.

ಮೀನು ತಿನ್ನುವ ಆಸೆಯಿದ್ದರೆ ಕಾರ್ತಿಕ ಕಳೆಯುವವರೆಗೆ ತಡೆಯಿರಿ. ಮಳೆಗಾಲದಲ್ಲಿ ಏರುವ ಮೀನನ್ನು ಅದರ ಪಾಡಿಗೆ ಏರಲು ಬಿಡಿ. ಬಿಸಿಲೇರಿದ ಮೇಲೆ ಗಾಳ ಹಿಡಿದು ಹೊಳೆಗೆ ಬನ್ನಿ, ಜಾಗ ಬೇಕಾದಷ್ಟಿದೆ. ಸೇತುವೆಯ ಮೇಲಿಂದ ಕೂಗಬೇಡಿ, ಅಷ್ಟೆ.